ತಾನಾಗಿ ಮೂಡುವ ಕಲೆಗಳು

ಬಸುರಿಯಾಗಿದ್ದಾಗ ಅಮೂಲ್ಯಾಳ ಮೈಮೇಲೆ ನೀಲಿ ಕಲೆಗಳು ಎದ್ದವು. ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ಅಮೆರಿಕದ ಲಾರೆನ್ಸ್‌ವಿಲ್‌ನ ರಕ್ತರೋಗ ತಜ್ಞೆ, ಧಾರವಾಡದ ಡಾಕ್ಟರ್ ಶ್ರೀದೇವಿ, ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು.

"ಎಡಗಡೆ ಪಕ್ಕೆಲುಬಿನ ಹಿಂದ ಗುಲ್ಮ, ಅಂದ್ರ ಸ್ಪ್ಲೀನ್, ಅದ. ಅಲ್ಲಿ ಕಾವಲು ಕಣ ಇರ್ತಾವ, ರೋಗಾಣು ಬಂದ್ರ ನುಂಗ್ತಾವ. ನಿಮ್ಮ ಮೈಯಾಗ ಅವು ತಪ್ಪು ತಿಳಕೊಂಡು ಪ್ಲೇಟ್‌ಲೆಟ್ ನುಂಗಲಿಕ್ಕೆ ಹತ್ಯಾವ. ರಕ್ತ ನಿಲ್ಲಿಸೋದು ಆ ಪ್ಲೇಟ್‌ಲೆಟ್ಟೇ. ಹೆಂಗಸರ ಹಾರ್ಮೋನು ಈಸ್ಟ್ರೋಜನ್ ಏರಿದಾಗ ಈ ಕಣಗಳ ಹಸಿವೂ ಏರಬಹುದು. ಹೆರಿಗೆ ಆದಮ್ಯಾಲ ಕಡಿಮಿ ಆದೀತು."

"ಅಂದ್ರೆ ಏಟು ಬೀಳದೇನೇ ಕಲೆ ಆಗುತ್ತಾ?" ಗಂಡ ಸಿದ್ಧಲಿಂಗೇಶ ಕೇಳಿದ.

"ಆಗ್ತದ."

ಆ ಉತ್ತರವನ್ನು ಅವನು ಮರೆಯಲಿಲ್ಲ. ಅಲ್ಲಿಯವರೆಗೆ ಬಟ್ಟೆ ಮುಚ್ಚುವ ಕಡೆ ಮಾತ್ರ ಹೊಡೆಯುತ್ತಿದ್ದವನು ಆಮೇಲೆ ತೋಳು, ಕುತ್ತಿಗೆ ಏನನ್ನೂ ಬಿಡಲಿಲ್ಲ. ನಾರ್‌ಕ್ರಾಸ್‌ನ ಅಂಗಡಿಯಲ್ಲಿ ಪರಿಚಯದ ವಸಂತಾ ಆಂಟಿ ಅವಳ ಕುತ್ತಿಗೆ ನೋಡಿ ಗಾಬರಿಯಾದಾಗ ಅವನೇ ಮುಂದೆ ಬಂದ. "ಬ್ಲಡ್ ಪ್ರಾಬ್ಲಮ್ ಆಂಟಿ. ಸುಮ್ನೆ ಮುಟ್ಟಿದ್ರೂ ಹೀಗಾಗುತ್ತೆ." ಇಂಥ ಗಂಡ ಸಿಕ್ಕಿದ್ದು ನಿನ್ನ ಪುಣ್ಯ ಎಂದು ಆಂಟಿ ಅವಳ ಕೈ ಸವರಿದರು. ಕೂಗಾಟ ಕೇಳಿ ಪಕ್ಕದ ಮನೆಯವರು ಒಮ್ಮೆ ಪೊಲೀಸರನ್ನು ಕರೆಸಿದಾಗಲೂ ಅವನದು ಅದೇ ಮಾತು. ಅವಳ ವೀಸಾ ಅವನ ಕೆಲಸಕ್ಕೆ ಅಂಟಿಕೊಂಡಿತ್ತು. ಅವಳು ಹೌದೆಂದು ತಲೆಯಾಡಿಸಿದಳು.

ಹೆಣ್ಣುಮಗು ಹುಟ್ಟಿತು. ಕೆಲವು ತಿಂಗಳ ನಂತರ ಅವಳು ಒಬ್ಬಳೇ ತಪಾಸಣೆಗೆ ಹೋದಾಗ ಶ್ರೀದೇವಿ ನಕ್ಕರು. "ಪ್ಲೇಟ್‌ಲೆಟ್ ಪೂರಾ ನಾರ್ಮಲ್ ಆಗ್ಯಾವ ತಂಗಿ. ಇನ್ನ ಸುಮ್ಮಸುಮ್ಮನ ಕಲೆ ಆಗೂದಿಲ್ಲ." ಅಷ್ಟರಲ್ಲಿ ಅವರ ಕಣ್ಣು ಅವಳ ಮಣಿಕಟ್ಟಿನ ಮೇಲೆ ಬಿತ್ತು. ನಾಲ್ಕು ಬೆರಳ ಗುರುತು ಅಚ್ಚೊತ್ತಿದಂತಿತ್ತು. "ಇದು ಹ್ಯಾಂಗಾತು?"

ಅಮೂಲ್ಯಾ ಬಟ್ಟೆಯ ತೋಳು ಕೆಳಗೆಳೆದುಕೊಂಡು ಎದ್ದುಬಂದಳು. ಆದರೆ ಇನ್ನು ಸುಮ್ಮಸುಮ್ಮನೆ ಕಲೆ ಆಗುವುದಿಲ್ಲ ಎಂಬ ಮಾತು ತಲೆಯಲ್ಲಿ ಉಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಚಪಾತಿ ಬೇಯಿಸುತ್ತಿದ್ದಳು. ಮಗು ಅಳುತ್ತಿತ್ತು. ಫೋನಿನಲ್ಲಿ ಮಾತಾಡುತ್ತಿದ್ದ ಸಿದ್ಧಲಿಂಗೇಶ ಫೋನು ಕೆಳಗಿಟ್ಟು ಅಡುಗೆಮನೆಗೆ ಬಂದು, ಅವಳ ಜಡೆ ಹಿಡಿದು ಹಣೆಯನ್ನು ಗ್ರಾನೈಟ್ ಅಂಚಿಗೆ ಅಪ್ಪಳಿಸಿದ. ಬಿದ್ದವಳ ಎಡಪಕ್ಕೆಗೆ ಒದ್ದ, ಮತ್ತೆ ಅದೇ ಜಾಗಕ್ಕೆ ಒದ್ದ. ಒಳಗೆ ಏನೋ ಹರಿದಂತಾಯಿತು. ಉಸಿರು ಸಿಗಲಿಲ್ಲ. ಮೂರನೆಯ ಸಲ ಕಾಲೆತ್ತುವಷ್ಟರಲ್ಲಿ ಅವಳು ಒಲೆಯ ಅಂಚು ಹಿಡಿದು ಎದ್ದು, ಕಾದ ಹೆಂಚಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಬೀಸಿದಳು. ಮೂಗಿನ ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಅವನು ಮುಖ ಹಿಡಿದು ಕುಸಿದ. ಅವಳು ಗೋಡೆಗೆ ಒರಗಿಕೊಂಡೇ 911 ಒತ್ತಿದಳು.

ಪೊಲೀಸರು ಬಂದಾಗ ಅವನ ಅಂಗಿ ರಕ್ತಮಯವಾಗಿತ್ತು. ಇವಳೇ ತನ್ನನ್ನು ಹೊಡೆದಳು, ಅವಳ ಕಲೆಗಳೆಲ್ಲ ಕಾಯಿಲೆಯವು ಎಂದು ಅವನು ಹೇಳತೊಡಗಿದ. ನೆಲದ ಮೇಲಿದ್ದ ಅಮೂಲ್ಯಾ ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದಳು: ಕಾಯಿಲೆ ಹೋಗಿದೆ, ಈಗಲೇ ನನ್ನ ರಕ್ತ ಪರೀಕ್ಷಿಸಿ, ನನ್ನ ಡಾಕ್ಟರನ್ನು ಕೇಳಿ.

ಮಗುವಿನ ಜೊತೆಗೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಪರೀಕ್ಷಿಸಿದರು. ಪ್ಲೇಟ್‌ಲೆಟ್ ಸರಿಯಾಗಿಯೇ ಇದ್ದವು. ಹೊಟ್ಟೆಯೊಳಗೆ ಮಾತ್ರ ರಕ್ತ ತುಂಬಿತ್ತು. ಸುದ್ದಿ ತಿಳಿದು ಓಡಿಬಂದ ಶ್ರೀದೇವಿ ಪೊಲೀಸರಿಗೆ ಸ್ಪಷ್ಟವಾಗಿ ಹೇಳಿದರು: ಇದು ರೋಗವಲ್ಲ, ಒದೆ. ಮೂಗಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ ಸಿದ್ಧಲಿಂಗೇಶನಿಗೆ ಅಲ್ಲೇ ಕೋಳ ಬಿತ್ತು.

ಶಸ್ತ್ರಚಿಕಿತ್ಸೆ ಮುಗಿದು ಅಮೂಲ್ಯಾಳಿಗೆ ಎಚ್ಚರವಾದಾಗ ಶ್ರೀದೇವಿ ಪಕ್ಕದಲ್ಲಿದ್ದರು. "ಗುಲ್ಮ ಒಡದು ಹೋಗಿತ್ತು. ತಗದಾರ."

"ಅದಿಲ್ದೆ ಬದುಕ್ಬಹುದಾ ಡಾಕ್ಟ್ರೇ?"

"ಬದುಕಬಹುದು. ಲಸಿಕೆ ಹಾಕಿಸ್ಕೋಬೇಕು. ಜ್ವರ ಬಂದ್ರ ತಡಾ ಮಾಡಬ್ಯಾಡ, ಸೀದಾ ಆಸ್ಪತ್ರೆಗೆ ಬಾ."

ಎರಡು ದಿನ ಬಿಟ್ಟು ದಾವಣಗೆರೆಯಿಂದ ಅತ್ತೆಯ ಫೋನು ಬಂತು. ಮಗನ ಕೆಲಸ ಹೋಗುತ್ತದೆ, ಕೇಸು ವಾಪಸ್ ತಗೋ, ನಿನ್ನ ಕಾಯಿಲೆ ನಮಗೆ ಗೊತ್ತಿಲ್ಲವೇ ಎಂದು ಅತ್ತರು.

"ನಂಗೀಗ ಕಾಯಿಲೆ ಇಲ್ಲ ಅತ್ತೆ," ಎಂದಳು ಅಮೂಲ್ಯಾ. "ಕೋರ್ಟಲ್ಲಿ ಎಲ್ಲಾ ಹೇಳ್ತೀನಿ."

ಫೋನಿಟ್ಟು, ಹೊಲಿಗೆ ಎಳೆಯದಂತೆ ಬಲಕ್ಕೆ ಹೊರಳಿ, ಮಗುವಿಗೆ ಹಾಲೂಡಿಸಿದಳು.