ಬೆನ್ನಕ್ಕನ ಇನ್ನೂರ ಹನ್ನೆರಡು ಮರಿಭೂತಗಳು

ಆಫೀಸಿನಲ್ಲಿ ಅವಳಿಗೆ ಬೆನ್ನಕ್ಕ ಎಂಬ ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಹದಿನಾರು ವರ್ಷವೂ ಅವಳು ಬರೆದದ್ದು ಬರೀ ಬೆನ್ನುಗಳನ್ನು.

ಅಲ್ಲಿ ತಯಾರಾಗುತ್ತಿದ್ದುದು ‘ಮರಿಭೂತ’ ಎಂಬ ವಿಡಿಯೊ ಗೇಮು. ಕಾಡು, ಕೆರೆ, ಗುಡ್ಡ ಅಲೆದು ವಿಚಿತ್ರ ಜೀವಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಜೀವಿಗಳೊಂದಿಗೆ ಕಾಳಗಕ್ಕೆ ಬಿಡಬೇಕು. ಈವರೆಗೆ ಒಂಬತ್ತು ಗೇಮುಗಳು ಬಂದಿದ್ದವು. ಮೊದಲನೆಯದನ್ನು ಆಡಿದ ಮಕ್ಕಳಿಗೆ ಈಗ ಮಕ್ಕಳಾಗಿದ್ದವು. ಕಾಳಗದ ಹೊತ್ತಿನಲ್ಲಿ ಎದುರಾಳಿಯ ಮರಿಭೂತ ಪರದೆಯ ಮೇಲುಗಡೆ ನಮಗೆ ಮುಖ ಮಾಡಿ ನಿಲ್ಲುತ್ತದೆ. ನಮ್ಮದು ಕೆಳಗಡೆ, ನಮಗೆ ಬೆನ್ನು ಹಾಕಿ. ಮುಖ ಬರೆಯುವ ಐದು ಜನ ಕಿಟಕಿ ಪಕ್ಕ ಕೂರುತ್ತಿದ್ದರು, ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕಿ ಕೊಡುತ್ತಿದ್ದರು. ಬೆನ್ನಕ್ಕನ ಮೇಜು ನೀರಿನ ಫಿಲ್ಟರಿನ ಪಕ್ಕ. ಲೋಟ ಹಿಡಿದು ಬಂದವರೆಲ್ಲ ಅವಳ ಪರದೆಯನ್ನು ಒಮ್ಮೆ ಇಣುಕಿ, “ಇದು ಯಾರ ಬೆನ್ನು?” ಎಂದು ಕೇಳಿ ಹೋಗುತ್ತಿದ್ದರು.

ಈಗ ಹತ್ತನೆಯ ಗೇಮು. ಜೇಬಿನಲ್ಲಿ ಹಿಡಿಸುವ, ಅಂಗೈಯಗಲದ ಹೊಸ ಯಂತ್ರಕ್ಕೆಂದೇ ಮಾಡಿದ್ದು. ಒಪ್ಪಿಸಲು ಒಂಬತ್ತು ವಾರ ಬಾಕಿ ಇದ್ದಾಗ ಎಲ್ಲರ ಮುಖ ಬಾಡಿತ್ತು. ತಿಂಗಳಿಗೊಂದು ಶನಿವಾರ ಹನ್ನೆರಡು ಮಕ್ಕಳನ್ನು ಕರೆಸಿ ಆಡಿಸುವುದು ವಾಡಿಕೆ. ಅರ್ಧ ಗಂಟೆಗೆ ಗಂಟೆ ಬಾರಿಸುತ್ತಿದ್ದರು. ಹಿಂದೆಲ್ಲ ಮಕ್ಕಳ ಕೈಯಿಂದ ಯಂತ್ರ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಈ ಸಲ ಗಂಟೆ ಬಾರಿಸುವ ಮುಂಚೆಯೇ ಅರ್ಧ ಜನ ಯಂತ್ರ ಕೆಳಗಿಟ್ಟು, ಬಿಸ್ಕತ್ತು ಎಲ್ಲಿದೆ ಎಂದು ಕೇಳಿದ್ದರು.

ಗೇಮಿನ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಕಾಲಕ್ಕೆ ಶಾಲೆಯಲ್ಲಿ ಗಣಿತ ಕಲಿಸಿದವರು. ಅವರು ಅಷ್ಟರಲ್ಲಾಗಲೇ ಮುಖಗಳನ್ನು ಮೂರು ಸಲ ತಿದ್ದಿಸಿದ್ದರು. ಕಣ್ಣು ದೊಡ್ಡದಾಗಿತ್ತು, ಬಣ್ಣ ಗಾಢವಾಗಿತ್ತು. ಮಕ್ಕಳು ಮಾತ್ರ ಬಿಸ್ಕತ್ತಿನ ದಾರಿಯನ್ನೇ ನೋಡುತ್ತಿದ್ದರು.

ಅದೇ ವಾರ ಒಂದು ಸಂಜೆ ಬೆನ್ನಕ್ಕ ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಕಾಲು ನೀಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಳೆಯ ಒಂಬತ್ತನೆಯ ಗೇಮನ್ನು ಆಡುತ್ತಿದ್ದರು. ಮಂಡಿಯ ಆಪರೇಷನ್ ಆಗಿ ಎರಡು ತಿಂಗಳು ಮನೆ ಹಿಡಿದಿದ್ದ ಅತ್ತೆಗೆ ಹೊತ್ತು ಹೋಗಲೆಂದು ಸೊಸೆಯೇ ಕೊಟ್ಟದ್ದು. ಬೇಡ ಬೇಡ ಎನ್ನುತ್ತಲೇ ಶುರು ಮಾಡಿದವರು ಈಗ ಊಟಕ್ಕೆ ಎರಡು ಸಲ ಕರೆದರೂ ಏಳುತ್ತಿರಲಿಲ್ಲ. ಅವರ ಬಳಿ ನೂರಾರು ಮರಿಭೂತಗಳಿದ್ದರೂ ಅಚ್ಚುಮೆಚ್ಚಿನದು ಕೆಸರಪ್ಪ. ಕೆಸರಿನಲ್ಲಿ ಸಿಗುವ, ಯಾರೂ ಕಣ್ಣೆತ್ತಿ ನೋಡದ ಬಸವನಹುಳುವಿನಂಥ ಜೀವಿ.

“ಏನತ್ತೆ, ಮುಖ ಊದಿಸಿಕೊಂಡಿದ್ದೀರಿ? ಸೋತ್ರಾ?”

“ಗೆದ್ದೆ. ಆದ್ರೂ ಬೇಜಾರು.” ಅತ್ತೆ ಯಂತ್ರವನ್ನು ಮಡಿಲಿಗೆ ಹಾಕಿಕೊಂಡರು. “ಇದನ್ನ ಅಂಗೈಯಲ್ಲಿ ಇಟ್ಟುಕೊಂಡ ಹಾಗೆ ಸಾಕಿದ್ದೀನಿ. ಹೋಗು ಅಂದ್ರೆ ಹೋಗುತ್ತೆ, ಹೊಡೆ ಅಂದ್ರೆ ಹೊಡೆಯುತ್ತೆ. ಒಂದು ಸಲನಾದ್ರೂ ತಿರುಗಿ ನನ್ನ ಮುಖ ನೋಡಬಾರದಾ? ಬೆನ್ನು ಹಾಕ್ಕೊಂಡು ನಿಂತಿರುತ್ತೆ, ಸಾಲ ಕೊಟ್ಟವನನ್ನ ಕಂಡು ಮುಖ ತಿರುಗಿಸಿದ ಹಾಗೆ.”

ಬೆನ್ನಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಚಪ್ಪಲಿಯನ್ನೂ ಬಿಡದೆ ಅತ್ತೆಯ ಪಕ್ಕ ಕೂತು, ಅವರ ಕೈಯಿಂದ ಯಂತ್ರ ತೆಗೆದುಕೊಂಡು, ತಾನೇ ಬರೆದ ಆ ಬೆನ್ನನ್ನು ತುಂಬ ಹೊತ್ತು ನೋಡಿದಳು. ಆಡುವವರು ಒಬ್ಬೊಬ್ಬ ಎದುರಾಳಿಯ ಮುಖ ನೋಡುವುದು ಒಂದೆರಡು ನಿಮಿಷ. ತಮ್ಮ ಜೀವಿಯ ಬೆನ್ನು ನೋಡುವುದು ಹಗಲೆಲ್ಲ.

ಮರುದಿನ ಮೀಟಿಂಗಿನಲ್ಲಿ ಅವಳು ಬಾಯಿ ಬಿಟ್ಟಾಗ ಎಲ್ಲರೂ ತಲೆಯೆತ್ತಿ ನೋಡಿದರು. ಆ ಕೋಣೆಯಲ್ಲಿ ಅವಳ ದನಿ ಕೇಳಿ ಅಭ್ಯಾಸವಿರಲಿಲ್ಲ.

“ಕಾಳಗಕ್ಕೆ ಇಳಿಯೋ ಮುಂಚೆ ನಮ್ಮ ಮರಿಭೂತ ಒಮ್ಮೆ ತಿರುಗಿ ನಮ್ಮನ್ನ ನೋಡಬೇಕು ಮೇಷ್ಟ್ರೇ. ಅಷ್ಟೇ. ಎರಡು ಚಿತ್ರ ಸಾಕು. ಒಂದು ಅರ್ಧ ತಿರುಗಿದ್ದು, ಒಂದು ಪೂರ್ತಿ.”

ಮೇಷ್ಟ್ರು ಏನೂ ಹೇಳುವ ಮುಂಚೆ ಜಿಪುಣ ಅಡ್ಡಡ್ಡ ತಲೆಯಾಡಿಸಿದ. ಯಂತ್ರದ ಮೆಮೊರಿಯಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂದು ಅಳೆದು ಕೊಡುವ ಪ್ರೋಗ್ರಾಮರ್ ಅವನು. ಹೆಸರು ಸುಮ್ಮನೆ ಬಂದದ್ದಲ್ಲ. “ಅಕ್ಕಾ, ಸಾಸಿವೆಯಷ್ಟೂ ಜಾಗ ಇಲ್ಲ. ನಿಮ್ಮ ಬೆನ್ನುಗಳಿಗೇ ಒಂದೊಂದಕ್ಕೆ ಆರು ಚಿತ್ರ ಕೊಟ್ಟಿದ್ದೀನಿ.”

“ಆ ಆರರಲ್ಲೇ ಮಾಡ್ತೀನಿ.”

“ಹೇಗೆ?”

ಅವಳು ಎದ್ದು ಹೋಗಿ ಬೋರ್ಡಿನ ಮೇಲೆ ಆರು ಗೆರೆ ಎಳೆದಳು. ಮರಿಭೂತ ಸುಮ್ಮನೆ ನಿಂತಾಗಲೂ ಅದರ ಬೆನ್ನು ಉಸಿರಾಡುತ್ತದೆ. ನಾಲ್ಕು ಚಿತ್ರಗಳಲ್ಲಿ ಉಬ್ಬಿ, ಉಳಿದೆರಡರಲ್ಲಿ ಇಳಿಯುತ್ತದೆ. “ಉಬ್ಬೋ ಚಿತ್ರಗಳನ್ನೇ ಹಿಂದುಮುಂದಾಗಿ ತೋರಿಸಿದ್ರೆ ಇಳಿದ ಹಾಗೇ ಕಾಣುತ್ತೆ. ಇಳಿಯೋ ಎರಡು ಚಿತ್ರದ ಜಾಗ ಉಳೀತು.” ಆ ಎರಡು ಚಿತ್ರಗಳ ಮೇಲೆ ಅವಳು ಹದಿನಾರು ವರ್ಷ ಜೀವ ತೇದಿದ್ದಳು. ಡಸ್ಟರಿನಿಂದ ಒರೆಸಿಬಿಟ್ಟಳು.

ಜಿಪುಣ ಬೆರಳು ಮಡಿಸಿ ಚಿತ್ರಗಳನ್ನು ಎಣಿಸಿದ. ಆಮೇಲೆ, “ಇಷ್ಟು ವರ್ಷ ಇದನ್ನ ನನಗ್ಯಾಕೆ ಹೇಳಲಿಲ್ಲ?” ಎಂದ.

“ನೀನು ಕೇಳಿದ್ಯಾ?”

ಕೋಣೆಯಲ್ಲಿ ನಗು ಹರಡಿತು. ಮೇಷ್ಟ್ರು ಮಾತ್ರ ಲೆಕ್ಕ ಹಾಕುತ್ತಿದ್ದರು. “ಮುಖ್ಯವಾದ ಮೂರಕ್ಕೆ ಮಾಡು. ಒಂಬತ್ತು ವಾರಕ್ಕೆ ಅಷ್ಟೇ ಆಗೋದು.”

“ಗೇಮಲ್ಲಿರೋ ಇನ್ನೂರ ಹನ್ನೆರಡಕ್ಕೂ ಮಾಡ್ತೀನಿ. ಯಾರು ಯಾವುದನ್ನ ಪ್ರೀತಿಸ್ತಾರೆ ಅಂತ ನಮಗೇನು ಗೊತ್ತು ಮೇಷ್ಟ್ರೇ? ನಮ್ಮತ್ತೆ ಹಚ್ಚಿಕೊಂಡಿರೋದು ಕೆಸರಪ್ಪನ್ನ.”

“ನಾನೂರ ಇಪ್ಪತ್ನಾಲ್ಕು ಚಿತ್ರ ಆಗುತ್ತಮ್ಮ.”

“ಆಗಲಿ.”

ಹೇಳಿದಷ್ಟು ಸುಲಭವಿರಲಿಲ್ಲ. ಕತ್ತಿರುವ ಪ್ರಾಣಿಗಳು ಮೂರು ವಾರದಲ್ಲಿ ಮುಗಿದವು. ಕೆಸರಪ್ಪನಿಗೆ ಕತ್ತೇ ಇಲ್ಲ. ಕೋಲಿನಂಥ ಎರಡು ಕಣ್ಣುಗಳಲ್ಲಿ ಒಂದನ್ನು ಮಾತ್ರ ಹಿಂದಕ್ಕೆ ಬಾಗಿಸಿದಳು, ನಾಚಿಕೆಯವರು ಕದ್ದು ನೋಡುವ ಹಾಗೆ. ಬಂಡೆರಾಯನ ಮುಂದೆ ಮಾತ್ರ ಕೈ ಸೋತಿತು. ಅದು ಕೈಕಾಲು, ತಲೆ, ಕಣ್ಣು ಏನೂ ಇಲ್ಲದ ದೊಡ್ಡ ಕಲ್ಲು. ನಾಲ್ಕು ದಿನ ಬರೆದದ್ದನ್ನೆಲ್ಲ ಅಳಿಸಿದಳು. ಐದನೆಯ ದಿನ ಕಿಟಕಿ ಪಕ್ಕದ ಚಿತ್ರಗಾರರಲ್ಲಿ ಹಿರಿಯ ತನ್ನ ಕುರ್ಚಿಯನ್ನು ಎಳೆದುಕೊಂಡು ಅವಳ ಮೇಜಿನ ಪಕ್ಕ ಬಂದು ಕೂತ. ಇಷ್ಟು ವರ್ಷದಲ್ಲಿ ಅವನು ಆ ಕಡೆ ಬಂದದ್ದು ನೀರು ಕುಡಿಯಲು ಮಾತ್ರ.

“ನೋಡೋಕೆ ಕಣ್ಣೇ ಇಲ್ಲದಿದ್ದರೆ ಏನು ಮಾಡುತ್ತೆ?” ಎಂದು ಕೇಳಿದ.

ಬೆನ್ನಕ್ಕ ಯೋಚಿಸಿದಳು. “ಒರಗುತ್ತೆ,” ಎಂದಳು. ಮಾತು ಮುಗಿಯುವ ಮುಂಚೆಯೇ ಕೈ ಓಡುತ್ತಿತ್ತು. ಇಡೀ ಕಲ್ಲು ಕೂದಲೆಳೆಯಷ್ಟು ಹಿಂದಕ್ಕೆ, ಆಡುವವರ ಕಡೆಗೆ ವಾಲಿತು. ಹಿರಿಯ ಚಿತ್ರಗಾರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, “ರೆಕ್ಕೆಯವು ಎಷ್ಟು ಉಳಿದಿವೆ? ನನಗೆ ಕೊಡು, ನೀನು ಹೇಳಿದ ಹಾಗೆ ಬರೀತೀನಿ,” ಎಂದ. ಮರುದಿನ ಉಳಿದ ನಾಲ್ವರೂ ಬಂದರು. ನೀರಿನ ಫಿಲ್ಟರಿನ ಸುತ್ತ ಆರು ಕುರ್ಚಿ ಸೇರಿದವು, ನೀರಿಗೆ ಬಂದವರು ದಾಟಲು ದಾರಿಯಿಲ್ಲದಂತಾಯಿತು.

ಎಂಟನೆಯ ವಾರದ ಶನಿವಾರ ಹನ್ನೆರಡು ಮಕ್ಕಳು ಬಂದರು. ಬೆನ್ನಕ್ಕ ಗಾಜಿನ ಗೋಡೆಯ ಆಚೆ ನಿಂತು ನೋಡಿದಳು. ಹತ್ತು ನಿಮಿಷವಾದ ಮೇಲೆ ಎರಡು ಜಡೆಯ ಒಬ್ಬ ಹುಡುಗಿ ಯಂತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, “ನಾನಿಲ್ಲೇ ಇದ್ದೀನಿ, ಹೋಗು,” ಎಂದು ಪಿಸುಗುಟ್ಟಿದಳು. ಪಕ್ಕದವನು, “ನಂದೂ ನೋಡಿತು,” ಎಂದ. ಅರ್ಧ ಗಂಟೆಗೆ ಮೇಷ್ಟ್ರು ಗಂಟೆ ಬಾರಿಸಿದರು. ಒಂದು ತಲೆಯೂ ಅಲುಗಲಿಲ್ಲ. ಇನ್ನೊಮ್ಮೆ ಬಾರಿಸಿದರು. ಬಿಸ್ಕತ್ತಿನ ತಟ್ಟೆ ಇಟ್ಟಲ್ಲೇ ಇತ್ತು.

ಮೇಷ್ಟ್ರು ಹೊರಗೆ ಬಂದು, ಆ ತಟ್ಟೆಯನ್ನು ಬೆನ್ನಕ್ಕನ ಕೈಗೆ ಕೊಟ್ಟು, “ತಿನ್ನಮ್ಮ. ಇವರ್ಯಾರೂ ತಿನ್ನೋ ಹಾಗೆ ಕಾಣಲ್ಲ,” ಎಂದರು. ಜಿಪುಣ ಹಿಂದಿನಿಂದ ಬಂದು ತಾನೇ ಮೂರು ಬಿಸ್ಕತ್ತು ಎತ್ತಿಕೊಂಡ. ಅವನ ಕೈಯಲ್ಲಿ ಅಷ್ಟು ಧಾರಾಳತನ ಯಾರೂ ಕಂಡಿರಲಿಲ್ಲ.

ಗೇಮು ಬಿಡುಗಡೆಯಾದ ದಿನ ಅತ್ತೆ ಹಟ ಹಿಡಿದು ಬೆನ್ನಕ್ಕನ ಜೊತೆ ಅಂಗಡಿಗೆ ನಡೆದೇ ಬಂದರು. ಸಾಲು ಮೂಲೆ ತಿರುಗಿ ಪಕ್ಕದ ಬೀದಿಯವರೆಗೂ ಹೋಗಿತ್ತು. ಅಂಗಡಿಯ ಗಾಜಿನ ಮೇಲೆ ಆಳೆತ್ತರದ ಚಿತ್ರ: ಬಂಡೆರಾಯನ ಬೆನ್ನು, ಅದರ ತುದಿಯಲ್ಲಿ ಕೂತು ತಿರುಗಿ ನೋಡುತ್ತಿರುವ ಒಂದು ಹಕ್ಕಿಮರಿ. ಕಂಪನಿಯವರು ಡಬ್ಬಿಯ ಮೇಲೂ ಅದನ್ನೇ ಹಾಕಿದ್ದರು.

“ಇದನ್ನ ಬರೆದದ್ದು ನನ್ನ ಸೊಸೆ,” ಎಂದು ಅತ್ತೆ ಮುಂದಿನವರಿಗೆ ಹೇಳಿದರು. ಅವರು ತಿರುಗಿದ ಮೇಲೆ ಹಿಂದಿನವರಿಗೂ ಹೇಳಿದರು. ಸುದ್ದಿ ಸಾಲಿನುದ್ದಕ್ಕೂ ಓಡಿತು. ದಾಡಿ ಬಿಟ್ಟ ಒಬ್ಬ ಲಾರಿ ಡ್ರೈವರ್ ಆಗತಾನೇ ಕೊಂಡ ಡಬ್ಬಿ ಹಿಡಿದು ಬಂದು, “ಅಕ್ಕಾ, ಇಲ್ಲೊಂದು ಸೈನ್ ಹಾಕ್ತೀರಾ?” ಎಂದ. ಅವಳ ಬಳಿ ಪೆನ್ನೂ ಇರಲಿಲ್ಲ. ಅಂಗಡಿಯವನೇ ಓಡಿಬಂದು ಕೊಟ್ಟ. ಆ ಒಂದು ಡಬ್ಬಿಯ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು; ಸಾಲು ಅಂಗಡಿಯ ಬಾಗಿಲು ಬಿಟ್ಟು ಅವಳ ಕಡೆ ತಿರುಗಿತು.

ಫೋನು ಹೊಡೆದುಕೊಂಡಿತು. ಮೇಷ್ಟ್ರು. “ಹನ್ನೊಂದನೇ ಗೇಮಿನ ಮರಿಭೂತಗಳೆಲ್ಲ ನಿನ್ನ ಕೈಗೆ. ಮುಖ, ಬೆನ್ನು, ಬಾಲ, ಎಲ್ಲ. ಕಿಟಕಿ ಪಕ್ಕದ ಐವರೂ ನೀನೇ ಬೇಕು ಅಂತ ಬರೆದುಕೊಟ್ಟಿದ್ದಾರೆ. ಏನಂತೀಯಮ್ಮ?”

“ಒಪ್ಪಿದೆ ಮೇಷ್ಟ್ರೇ. ಮಿಕ್ಕಿದ್ದು ಸೋಮವಾರ ಮಾತಾಡೋಣ, ಇಲ್ಲಿ ಜನ ಕಾಯ್ತಾ ಇದ್ದಾರೆ,” ಎಂದಳು ಅವಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡೇ ಮುಂದಿನ ಡಬ್ಬಿಗೆ ಕೈ ಚಾಚಿದಳು.