ಐವತ್ತು ನಿಮಿಷ, ಐದು ನಿದ್ದೆ

ಐವತ್ತು ನಿಮಿಷವಂತೆ, ಪೈಲಟ್ ಮೈಕಿನಲ್ಲಿ ನಗುನಗುತ್ತ ಒದರಿದ, ಮಿತ್ತಿಮತಲಿಕ್‌ನಿಂದ ಇಕ್ಪಿಯರ್ಜುಕ್‌ಗೆ ಇನ್ನೂರ ನಲವತ್ತು ಕಿಲೋಮೀಟರು, ಐವತ್ತೇ ನಿಮಿಷ, ಆರಾಮಾಗಿ ಕೂತ್ಕೊಳ್ಳಿ — ಆರಾಮಂತೆ, ಇವನ ಬಾಯಿಗೆ ಮಣ್ಣಾಕ, ಲೀಶಿಯಾ ಮಡಿಲಿನ ಕೂಸನ್ನು ಇನ್ನಷ್ಟು ಅವುಚಿಕೊಂಡಳು, ಐವತ್ತು ನಿಮಿಷ ಕಳೆದರೆ ಈ ಕೂಸು ಅಕ್ಕನ ಪಾಲು, ಹೆತ್ತು ನಾಲ್ಕು ತಿಂಗಳಾಗಿಲ್ಲ. ಅಜ್ಜಿಯ ಕಾಲಕ್ಕೆ ಈ ದಾರಿಗೆ ಕಿಲೋಮೀಟರು ಎಲ್ಲಿತ್ತು, ದಾರಿಯಲ್ಲಿ ಎಷ್ಟು ಸಲ ಮಲಗಿ ಎದ್ದರು ಅನ್ನೋದೇ ದೂರ, ಹಿಮದ ಮೇಲೆ ನಾಯಿಬಂಡಿಯಲ್ಲಿ ಐದು ನಿದ್ದೆ, ಅಜ್ಜಿಯೂ ಹೀಗೇ ತನ್ನ ಒಂದು ಕೂಸನ್ನು ತಂಗಿಗೆ ಕೊಡೋಕೆ ಹೋದವಳೇ, ಆದರೆ ಐದು ಸಲ ಎದೆಗಪ್ಪಿ ಮಲಗಿದಳು, ಐದು ಸಲ ಕೊಡಲ್ಲ ಅಂತ ಹಟ ಹಿಡಿದಳಂತೆ, ಆರನೇ ಬೆಳಿಗ್ಗೆ ಕೊಟ್ಟಳಂತೆ, ನನಗೆ? ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಅಕ್ಕ ಕೊಡು ಅಂತ ಕೇಳಲೂ ಇಲ್ಲ, ಆ ಉಲೂಸಿ, ಬಾಯಿಬಿಟ್ಟು ಕೇಳಿದ್ದರೆ ನಾಲ್ಕು ಬೈದು ಇಲ್ಲ ಅನ್ನಬಹುದಿತ್ತು, ಬಾಯಿ ಹಾಕಿದ್ದು ಅತ್ತೆ, ಉಲೂಸಿಯ ಮಗ ಕಿಲ್ಲಾಕ್ ಎರಡು ವರ್ಷದ ಹಿಂದೆ ಮಂಜುಗಡ್ಡೆ ಒಡೆದು ಕಡಲುಪಾಲಾದ, ಅವನ ಹೆಸರನ್ನೇ ಈ ಕೂಸಿಗೆ ಇಡೋಣ, ಹೆಸರು ಬಂತು ಅಂದ್ರೆ ಅವನೇ ಬಂದ ಹಾಗಲ್ವೇನೇ, ಅವನ ತಾಯಿ ಹತ್ರ ಕಳಿಸದೆ ನೀನಿಟ್ಕೋತೀಯಾ? ಗಂಡ ತಲೆಯಾಡಿಸಿದ, ಆಡಿಸೋಕೆ ಅದೊಂದೇ ಇರೋದು ಅವನಿಗೆ. ಅವತ್ತಿನಿಂದ ಊರಿಗೆ ಊರೇ ನನ್ನೆದುರು ನಿಂತು, ನಿನ್ನಕ್ಕನ ಮಗ ಹೇಗಿದ್ದಾನೆ ಅಂತ ಕೇಳೋದು, ನನ್ನ ಹಾಲು ಕುಡಿದು, ನನ್ನ ಮೇಲೇ ಉಚ್ಚೆ ಹೊಯ್ಕೊಂಡು, ಅಕ್ಕನ ಮಗನಂತೆ.

ಕೆಳಗೆ ಮಂಜು ಕವಿದಿದೆ, ಇಳಿಯೋಕಾಗದಿದ್ರೆ ವಾಪಸ್ ಹೋಗ್ತೀವಿ, ಪೈಲಟ್ ಹೇಳಿದ್ದೇ ಎಲ್ಲರೂ ಛೆ ಅಂದರು, ಪಕ್ಕದ ಮುದುಕ ಅವಳ ಕೈ ತಟ್ಟಿ, ಹೆದರ್ಕೋಬೇಡಮ್ಮ, ಇಳಿಸ್ತಾನೆ ಬಿಡು ಅಂದ, ನಿನ್ನ ನಾಲಿಗೆ ಸೇದಿಹೋಗ, ಇಳಿಸದೇ ಇರಲಿ, ಸುತ್ತುತ್ತಲೇ ಇರಲಿ, ಎಣ್ಣೆ ಮುಗಿಯಲಿ — ಅಯ್ಯೋ ಬೇಡ ಬೇಡ, ಕೂಸಿದೆ — ವಾಪಸ್ ತಿರುಗಲಿ ಸಾಕು, ತಿರುಗಿಸೋ, ತಿರುಗಿಸೋ ಅನ್ನುವಷ್ಟರಲ್ಲಿ ಚಕ್ರ ದಢಾರನೆ ನೆಲಕ್ಕೆ. ನಲವತ್ತೇಳೇ ನಿಮಿಷ, ಮಿಕ್ಕ ಮೂರನ್ನೂ ಪಾಪಿ ತಿಂದುಹಾಕಿದ. ಬೇಲಿಯ ಹತ್ತಿರ ಅಕ್ಕ, ಅಮೌತಿ ನಿಲುವಂಗಿ ತೊಟ್ಟು ನಿಂತಿದ್ದಾಳೆ, ಬೆನ್ನ ಮೇಲೆ ಮಗು ಕೂರಿಸೋಕಿರುವ ಅದರ ಚೀಲದಂಥ ದೊಡ್ಡ ಟೊಪ್ಪಿಗೆ ಖಾಲಿ ಜೋಲುತ್ತಿದೆ, ಎರಡು ವರ್ಷದಿಂದ ಹೀಗೇ ಜೋತಿತ್ತೇನೋ, ನನಗೇನು, ಅಳುತ್ತಾಳೇನೋ ಅಂತ ನೋಡಿದರೆ ಅದೂ ಇಲ್ಲ, ಸರಕ್ಕನೆ ಬೆನ್ನು ತಿರುಗಿಸಿ ಬಗ್ಗಿದಳು, ನೀನಾಗೇ ಕೂರಿಸಿದ್ರೆ ಕೂರಿಸು, ಇಲ್ಲಾಂದ್ರೆ ಅದೇ ವಿಮಾನ ಹತ್ತಿ ಕರ್ಕೊಂಡು ಹೋಗು ಕಣೇ, ನಾನು ತಿರುಗಿ ನೋಡಲ್ಲ. ನೋಡಲ್ಲವಂತೆ! ಇನ್ನೂ ಬಗ್ಗು ಎಂದಳು ಲೀಶಿಯಾ, ಇನ್ನೂ, ಮೊಣಕಾಲೂರು, ಊರಿದಳು, ಟೊಪ್ಪಿಗೆಯ ಬಾಯಿ ತೆರೆದೇ ಇದೆ, ಹಿಮದ ಪುಡಿ ಒಳಗೆ ಬೀಳ್ತಿದೆ, ಬೀಳಲಿ, ತೊಯ್ದುಹೋಗಲಿ — ಕೂಸು ಅದರಲ್ಲಿ ಹೇಗೆ ಕೂರುತ್ತೆ, ಥೂ — ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು, ಬರಿಗೈ ಒಳಗಿಟ್ಟು ಹಿಮ ಬಳಿದು ಹೊರಹಾಕಿದಳು, ಕೈ ತಳ ಮುಟ್ಟಿತು, ಅಕ್ಕನ ಬೆನ್ನು, ಟೊಪ್ಪಿಗೆಯ ತಳ, ಹಾಳಾದ್ದು, ಎಷ್ಟು ಬೆಚ್ಚಗಿದೆ, ಎಷ್ಟು ಬೆಚ್ಚಗಿದೆ