ಪೆದ್ದಿಗೆ ಇಟ್ಟ ಹೊಸ ಹೆಸರು

“ಏಯ್ ಪೆದ್ದಿ, ಆ ಪೊರಕೆ ತಗೊಳ್ಳೇ. ಗುಡ್ಸು, ನೋಡೋಣ.”

ಆಸ್ಪತ್ರೆಯಲ್ಲಿ ವಿಕಲತೆಯ ಸರ್ಟಿಫಿಕೇಟ್ ಬರೆದುಕೊಡುವ ಡಾಕ್ಟರ್ ಗೋಪೀನಾಥ ಕುರ್ಚಿಯಿಂದಲೇ ಮೂಲೆ ತೋರಿಸಿದರು. ಇಪ್ಪತ್ತು ದಾಟಿದ ಉಮಾಶ್ರೀ ಅಮ್ಮನ ಮುಖ ನೋಡಿದಳು. ಶಿವಕ್ಕ ತಲೆಯಾಡಿಸಿದ ಮೇಲೆ ಬಗ್ಗಿ ಗುಡಿಸತೊಡಗಿದಳು.

“ಚೆನ್ನಾಗೇ ಗುಡಿಸ್ತಾಳಲ್ರೀ! ಹಳೇ ಸರ್ಟಿಫಿಕೇಟಲ್ಲಿ ‘ತೀವ್ರ ಬುದ್ಧಿಮಾಂದ್ಯ’ ಅಂತ ಯಾವನ್ ಬರ್ದೋನು? ಈಗ ಹಂಗೆಲ್ಲ ಅನ್ನಂಗಿಲ್ಲ. ಬೌದ್ಧಿಕ ವಿಕಲತೆ ಅನ್ಬೇಕು. ಸೌಮ್ಯ ಅಂತ ಬರೀತೀನಿ.”

“ಹೆಸ್ರು ಏನಾದ್ರೂ ಇಡಿ ಸಾರ್. ನಮ್ಮತ್ತೆ ಪೆದ್ದು ಅಂದ್ಲು. ಇಸ್ಕೂಲ್ ಮೇಷ್ಟ್ರು ಮಂದಬುದ್ಧಿ ಅಂತ ಆಚೆಗ್ ಹಾಕಿದ್ರು. ಆದ್ರೆ ಸೌಮ್ಯ ಅಂತ ಬರೀಬೇಡಿ, ಸೆಂಟರ್‌ನೋರು ಇಟ್ಕಳಲ್ಲ.”

ಶಿವಕ್ಕ ಚಂದ್ರಾ ಲೇಔಟಿನ ಮನೆಗಳಲ್ಲಿ ಪಾತ್ರೆ ತೊಳೆಯುವಷ್ಟು ಹೊತ್ತು ಮಗಳು ಗೋವಿಂದರಾಜನಗರದಲ್ಲಿ ಇಂಥವರನ್ನು ಹಗಲು ನೋಡಿಕೊಳ್ಳುವ ಸೆಂಟರಿನಲ್ಲಿ ಇರುತ್ತಿದ್ದಳು. ಸರ್ಟಿಫಿಕೇಟಿನಲ್ಲಿ ‘ತೀವ್ರ’ ಎಂದು ಬರೆದಿದ್ದವರಿಗೆ ಮಾತ್ರ ಅಲ್ಲಿ ಜಾಗ. ಅದು ತಪ್ಪಿದರೆ ಮೂಡಲಪಾಳ್ಯದ ಕೋಣೆಯಲ್ಲಿ ಹಗಲೆಲ್ಲ ಅವಳೊಬ್ಬಳೇ.

ಡಾಕ್ಟರ ಪಕ್ಕ ಕೂತು ಕೆಲಸ ಕಲಿಯುತ್ತಿದ್ದ ಅಪೂರ್ವ ಮೆಲ್ಲಗೆ ಬಾಯಿಬಿಟ್ಟಳು. “ಸಾರ್, ಮೊದ್ಲಾದ್ರೆ ಐಕ್ಯೂ ನಂಬರ್ ನೋಡಿ ಬರೀತಿದ್ರು. ಈಗ ದಿನದ ಬದುಕಲ್ಲಿ ಎಷ್ಟು ಆಸರೆ ಬೇಕು ಅಂತ ಕೇಳ್ಬೇಕಲ್ವಾ?”

“ಅದನ್ನೇ ನೋಡಿದ್ನಲ್ಲಮ್ಮ. ಗುಡಿಸ್ತಿಲ್ವಾ?”

“ಅದು ನಾನು ವರ್ಷಗಟ್ಲೆ ಹೊಡ್ದು ಬಡ್ದು ಕಲ್ಸಿದ್ದು!” ಶಿವಕ್ಕನ ದನಿ ಏರಿತು. “ಸಾಕು ಅನ್ನೋಗಂಟ ನಿಲ್ಸಲ್ಲ, ಕೈ ಬೊಬ್ಬೆ ಎದ್ರೂ. ಕರ್ದೋರ ಹಿಂದೆ ಹೋಗ್ಬಿಡ್ತಾಳೆ. ಹೋದ್ ದೀಪಾವಳೀಲಿ ಯಾವನೋ ಸೂಳೆಮಗ ಚಾಕ್ಲೇಟ್ ತೋರ್ಸಿ ಕೆಂಗೇರಿ ಬಸ್ ಹತ್ತಿಸ್ದ. ಸಿಕ್ಕಾಗ ಮೈಮೇಲೆ ಲಂಗ ಇರ್ಲಿಲ್ಲ. ಅದನ್ನ ಬರ್ಕಳಿ ಸಾರ್!”

ಉಮಾಶ್ರೀ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು.

“ಅದು ಪೊಲೀಸ್ ಮ್ಯಾಟರ್.” ಗೋಪೀನಾಥ ಸೀಲು ಎತ್ತಿಕೊಂಡರು. “ದುಂಡೇಶ, ನೆಕ್ಸ್ಟ್ ಕಳ್ಸಯ್ಯ.”

ಬಾಗಿಲಲ್ಲಿದ್ದ ಅಟೆಂಡರ್ ದುಂಡೇಶ ಶಿವಕ್ಕನ ಕಿವಿಗೆ ಬಗ್ಗಿದ. “ಮುಂದಿನ್ ಸಲ ಇಲ್ಲೇ ಉಚ್ಚೆ ಹುಯ್ಯೋಕೆ ಹೇಳ್ಕೊಡು. ತೀವ್ರ ಅಂತ ಬರೀತಾರೆ.” ಹಲ್ಲು ಕಿರಿದ.

ಶಿವಕ್ಕ ಅವನ ಎದೆಗೆ ಕೈಯಿಟ್ಟು ಆಚೆ ನೂಕಿದಳು. ಬಾಗಿಲು ಹಾಕಿ, ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಸಾಕು ಮಗಳೇ. ಕೆಳಗಿಡು ಅದನ್ನ.”

“ಏಯ್! ಏನಿದು ರೌಡಿಸಂ?” ಗೋಪೀನಾಥ ಎದ್ದುನಿಂತರು.

“ಕೂತ್ಕಳಿ ಸಾರ್. ಗುಡ್ಸಿದ್ದು ನೋಡಿದ್ರಲ್ಲ, ಮಿಕ್ಕಿದ್ದು ಕೇಳಿ.”

ಹೊರಗೆ ದುಂಡೇಶ ಗುದ್ದತೊಡಗಿದ. ಪ್ರತಿ ಗುದ್ದಿಗೂ ಬಾಗಿಲಿನೊಂದಿಗೆ ಶಿವಕ್ಕನ ಮೈಯೂ ಅದುರುತ್ತಿತ್ತು. ಅವಳು ಮೊದಲಿನಿಂದ ಹೇಳತೊಡಗಿದಳು.